ಎಂಬತ್ತರೊಳಗೆ

ಕಣ್ಣಿಲ್ಲದವರಿಗಾಗಿ ಪುಸ್ತಕಗಳನ್ನು ಓದಿ ದನಿ ತುಂಬಿಸಿಡುವ ಆ ಗ್ರಂಥಾಲಯದಲ್ಲಿ ಎಲ್ಲರೂ ಅವನನ್ನು ‘ಜ್ವರದ ಡಾಕ್ಟ್ರು’ ಎಂದೇ ಕರೆಯುತ್ತಿದ್ದರು. ಕಲಿತದ್ದು ಎರಡನೇ ಕ್ಲಾಸು. ಅಕ್ಷರ ಕೈಬಿಟ್ಟಿತ್ತು, ಅಂಕಿ ಬಿಟ್ಟಿರಲಿಲ್ಲ. ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಅದರ ಬಿಸಿ ತೋರಿಸುವ ಎರಡು ಅಂಕಿಗಳಿದ್ದವು, ಮೇಲೊಂದು, ಕೆಳಗೊಂದು. ಗಂಟೆಗೊಮ್ಮೆ ಅವನ್ನು ನೋಡಿ ರಿಜಿಸ್ಟರಿನಲ್ಲಿ ಬರೆಯುವುದು ಅವನ ಕೆಲಸ.

ಆ ಕಂಪ್ಯೂಟರಿನ ಹೊಟ್ಟೆಯಲ್ಲಿದ್ದದ್ದು ಅವನ ತಂಗಿಯ ದನಿ. ಹದಿನೆಂಟು ವರ್ಷ ಓದಿದ್ದಳು ಪುಣ್ಯಾತ್ಗಿತ್ತಿ. ಪಾಠದ ಪುಸ್ತಕ, ಕತೆ, ಕಾನೂನು, ಬಾಣಂತಿ ಆರೈಕೆ, ಯಾವುದನ್ನೂ ಬಿಟ್ಟಿರಲಿಲ್ಲ. ಆಮೇಲೆ ಗಂಟಲಲ್ಲಿ ಹುಣ್ಣಾಗಿ, ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಈಗ ಅವಳ ಮಾತೆಲ್ಲ ಒಂದು ಸ್ಲೇಟಿನ ಮೇಲೆ. ಅಣ್ಣನಿಗೆ ಓದಲು ಬಾರದ್ದರಿಂದ ಅವನ ಹತ್ತಿರ ಬರೀ ಕೈಸನ್ನೆ. ಮಧ್ಯಾಹ್ನ ಬಂದು ಹೆಡ್‌ಫೋನ್ ಹಾಕಿಕೊಂಡು ತನ್ನದೇ ಓದನ್ನು ಒಂದೆರಡು ಪುಟ ಕೇಳಿ ಹೋಗುತ್ತಿದ್ದಳು.

ಕೆಲಸ ಕಲಿಸಿದವಳು ಕಂಪ್ಯೂಟರ್ ರಿಪೇರಿಯವಳು.

“ದೊಡ್ಡಪ್ಪ, ಎಂಬತ್ತು ದಾಟಿದ್ರೆ ನಂಗೆ ಫೋನ್ ಮಾಡಿ. ಒಳಗಿದ್ರೆ ಆರಾಮಾಗಿ ಟೀ ಕುಡೀರಿ.”

“ಎಂಬತ್ತಕ್ಕೆ ಮನುಷ್ಯ ಬೆಂದೇ ಹೋಗ್ತಾನಲ್ಲಮ್ಮ!”

“ಇದರ ಚರ್ಮ ದಪ್ಪ, ನಿಮ್ಮ ಮ್ಯಾನೇಜರ್ ಥರ. ಹೋಗ್ಲಿ ಅಂದ್ರೂ ದನಿ ಇಡೋಕೆ ಎರಡು ಡಿಸ್ಕಿದಾವೆ. ಒಂದು ಸತ್ರೆ ಇನ್ನೊಂದ್ರಲ್ಲಿ ನಕಲಿರುತ್ತೆ.”

ಮೇಲಿನ ಅಂಕಿ ಅರವತ್ತರ ಆಸುಪಾಸು, ಕೆಳಗಿನದು ಮೂವತ್ತೆಂಟು. ವರ್ಷಗಟ್ಟಲೆ ಹಾಗೇ ಇತ್ತು. ಒಂದು ದಿನ ಬೆಳಿಗ್ಗೆ ಪೆಟ್ಟಿಗೆಯೊಳಗಿನ ಗುಂಯ್‌ಗುಡುವ ಸದ್ದು ಅರ್ಧಕ್ಕರ್ಧ ಇಳಿದಿತ್ತು. ತಂಗಿ ಓದುತ್ತಿದ್ದ ಕಾಲದಲ್ಲಿ ಆ ಸದ್ದಿಗೆ ಅವನು ಹಾಕಿದ ಶಾಪ ಒಂದೆರಡಲ್ಲ. ಅದು ಅವಳ ದನಿಯೊಳಗೆ ಸೇರಿಕೊಂಡು, ಒಂದೇ ಪುಟವನ್ನು ಮೂರು ಮೂರು ಸಲ ಓದಿಸುತ್ತಿತ್ತು. ‘ಅಂತೂ ಬುದ್ಧಿ ಬಂತಲ್ಲ ಮುಂಡೇದಕ್ಕೆ’ ಎಂದು ಪೆಟ್ಟಿಗೆಯ ತಲೆ ತಟ್ಟಿದ. ಅವತ್ತು ಕೆಳಗಿನ ಅಂಕಿ ನಲವತ್ತೇಳು. ವಾರಕ್ಕೆ ಐವತ್ತೆಂಟು. ತಿಂಗಳಿಗೆ ಅರವತ್ತಾರು. ಎಂಬತ್ತರೊಳಗೇ ಇತ್ತಲ್ಲ, ಗುಂಡಗೆ ಬರೆದ.

ಒಂದು ಮಧ್ಯಾಹ್ನ ತಂಗಿ ಹೆಡ್‌ಫೋನ್ ಹಾಕಿಕೊಂಡಳು. ತೆಗೆದಳು. ಮತ್ತೆ ಹಾಕಿಕೊಂಡಳು. ಅಣ್ಣನ ಕಡೆ ತಿರುಗಿ ಕಿವಿ ಮುಟ್ಟಿ, ಅಂಗೈ ಅಲ್ಲಾಡಿಸಿದಳು.

ರಿಪೇರಿಯವಳು ಎರಡೂ ಡಿಸ್ಕು ಬಿಚ್ಚಿ, ಕೆಟ್ಟ ಡಿಸ್ಕಿನಿಂದ ದನಿ ಎತ್ತಿಕೊಡುವವರಲ್ಲಿಗೆ ಒಯ್ದಳು. ಹನ್ನೊಂದನೆಯ ದಿನ ಅವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು, ಅಣ್ಣ ತಂಗಿ ಇಬ್ಬರ ಮುಂದೆ ಮೇಜಿನ ಮೇಲಿಟ್ಟಳು.

“ಏನೂ ಸಿಗಲಿಲ್ಲ ದೊಡ್ಡಪ್ಪ. ಎರಡೂ ಬೆಂದುಹೋಗಿದಾವೆ. ಡಿಸ್ಕಿನ ಹತ್ರದ ಫ್ಯಾನು ನಿಂತುಹೋಗಿತ್ತು.”

“ಎಂಬತ್ತು ದಾಟಲೇ ಇಲ್ಲಮ್ಮ! ಬೇಕಾದ್ರೆ ರಿಜಿಸ್ಟರು ನೋಡು.”

ನೋಡಿದಳು. ಅವಳ ಮುಖ ಸುಣ್ಣವಾಯಿತು. “ಎಂಬತ್ತು ಮೇಲಿನ ಅಂಕಿಗೆ, ಪ್ರೊಸೆಸರ್ದು. ಕೆಳಗಿನದು ಡಿಸ್ಕು... ಅದು ಐವತ್ತು ದಾಟಬಾರದು. ನಾನು... ಹೇಳಿರ್ಲಿಲ್ವಾ?”

“ಇಲ್ಲ ತಾಯಿ.”

ತಂಗಿ ರಿಜಿಸ್ಟರನ್ನು ತನ್ನ ಕಡೆ ಎಳೆದುಕೊಂಡಳು. ಹಿಂದೆ ಸಾಲು ತಪ್ಪದಂತೆ ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಓದುತ್ತಿದ್ದಳಲ್ಲ, ಹಾಗೆಯೇ ಆ ಅಂಕಿಗಳ ಮೇಲೆ ಬೆರಳಾಡಿಸುತ್ತ ಹೋದಳು. ನಲವತ್ತೇಳು. ಐವತ್ತೆಂಟು. ಅರವತ್ತಾರು. ಹೊಡೆದರೂ ಹೊಡೆಯಲಿ, ಸ್ಲೇಟಿನಿಂದಲೇ ಹೊಡೆಯಲಿ ಎಂದು ಅವನು ತಲೆ ತಗ್ಗಿಸಿ ನಿಂತ. ಅವಳು ಸ್ಲೇಟಿನ ಮೇಲೆ ಒಂದು ಸಾಲು ಬರೆದಳು.

“ಏನಂತೆ? ಓದಮ್ಮ.”

ರಿಪೇರಿಯವಳು ಸ್ಲೇಟನ್ನು ತನ್ನ ಕಡೆ ತಿರುಗಿಸಿಕೊಂಡಳು. “ಅಣ್ಣ ಒಂದು ಗಂಟೇನೂ ತಪ್ಪಿಸಿಲ್ಲ, ಅಂತ ಬರ್ದಿದಾರೆ.”

ತಂಗಿ ಸೆರಗಿನಿಂದ ಸ್ಲೇಟು ಒರೆಸಿ, ಕಂಕುಳಲ್ಲಿಟ್ಟುಕೊಂಡು ಹೊರಟುಹೋದಳು. ಹೆಡ್‌ಫೋನ್ ಮೇಜಿನ ಮೇಲೇ ಉಳಿಯಿತು.

ಗೋಡೆಯ ಗಡಿಯಾರದಲ್ಲಿ ನಾಲ್ಕಾಯಿತು. ಅವನ ಕೈ ತಾನಾಗಿಯೇ ಪೆನ್ನಿಗೆ ಹೋಯಿತು. ಪರದೆ ಕಪ್ಪಗಿತ್ತು.

“ಈಗೇನು ಬರೀಲಮ್ಮ?” ಎಂದು ರಿಪೇರಿಯವಳನ್ನು ಕೇಳಿದ.