ಅಪ್ಪ ಓದಿದ ಕೊನೆಯ ಪುಟಗಳು

ನನಗೆ ಕನ್ನಡ ಓದಲು ಬಂದದ್ದು ಮೂವತ್ತಾರನೆಯ ವಯಸ್ಸಿನಲ್ಲಿ. ಬರದೇ ಇದ್ದಿದ್ದರೆ ಒಳ್ಳೆಯದಿತ್ತೇನೋ ಎಂದು ಈಚೆಗೆ ಅನಿಸುತ್ತದೆ.

ಮನೆಯಲ್ಲಿ ನಮ್ಮದು ಧಾರವಾಡದ ಕನ್ನಡ. ಬಾಗಿಲು ದಾಟಿದರೆ ಮರಾಠಿ, ಶಾಲೆಯೂ ಮರಾಠಿ. ಪುಣೆಯಲ್ಲಿ ಹುಟ್ಟಿದ ನಮ್ಮಂಥವರು ಬಹಳ ಜನ ಹೀಗೆಯೇ. ಕನ್ನಡದಲ್ಲಿ ಜಗಳವಾಡುತ್ತೇವೆ, ಲೆಕ್ಕ ಹಾಕುತ್ತೇವೆ, ಆದರೆ ಊರಿಗೆ ಹೋದಾಗ ಬಸ್ಸಿನ ಬೋರ್ಡು ಓದಲು ಬಾರದೆ ಪಕ್ಕದವರನ್ನು ಕೇಳುತ್ತೇವೆ. ಹಾಗಾಗಿ ನನ್ನ ಬಾಲ್ಯದ ಕಾದಂಬರಿಗಳೆಲ್ಲ ಅಪ್ಪನ ಬಾಯಿಂದ ಬಂದವು.

ಅಪ್ಪ, ಪಂಢರಿನಾಥ, ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದ. ರವಿವಾರ ಕನ್ನಡ ಸಂಘದ ಕಪಾಟಿನಿಂದ ಎರಡು ಪುಸ್ತಕ ತರುತ್ತಿದ್ದ, ಒಂದು ಪತ್ತೇದಾರಿ, ಒಂದು ದೆವ್ವದ್ದು. ಅವುಗಳಿಗೆ ಮರಾಠಿ ಪೇಪರಿನ ಹೊದಿಕೆ ಹಾಕಿ, ಸಂಜೆ ಅಡುಗೆಮನೆಯ ಗೋಡೆಗೆ ಒರಗಿ ಓದುತ್ತಿದ್ದ. ಅವ್ವ ರೊಟ್ಟಿ ಬಡಿಯುತ್ತ, "ಹುಡುಗಿಗೆ ಬರೇ ಹೆಣದ ಕಥಿ ಹೇಳ್ರಿ" ಎಂದು ಬಯ್ಯುತ್ತ, ತಾನೂ ಕೇಳುತ್ತಿದ್ದಳು.

ನನಗೆ ಎಂಟು ವರ್ಷವಿದ್ದಾಗ ಅವ್ವ ಕಾಮಾಲೆಯಾಗಿ ಆಸ್ಪತ್ರೆ ಸೇರಿದಳು. ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ಹತ್ತೊಂಬತ್ತು ದಿನ ಅಪ್ಪ ಸಂಜೆ ಬಂದು, ಕೈಕಾಲು ತೊಳೆದು, ಅದೇ ಗೋಡೆಗೆ ಒರಗಿ ಓದಿದ. ಆ ದಿನಗಳಲ್ಲಿ ಎರಡು ಪುಸ್ತಕ ಮುಗಿದವು.

ಪತ್ತೇದಾರಿ ಕಥೆಯಲ್ಲಿ ಹಾಸಿಗೆ ಹಿಡಿದ ಹೆಂಗಸೊಬ್ಬಳು ವಿಷದಿಂದ ಸಾಯುತ್ತಾಳೆ. ಕೊಂದವನು ಆಸ್ತಿಗೆ ಕಾದಿದ್ದ ಮೈದುನ. ಅವಳನ್ನು ನೋಡುತ್ತಿದ್ದ ಡಾಕ್ಟರು ಪಾಪ, ಕೊನೆಯವರೆಗೂ ಉಳಿಸಲು ಒದ್ದಾಡುತ್ತಾರೆ. ದೆವ್ವದ ಕಥೆಯಲ್ಲಿ ಸತ್ತ ತಾಯಿ ಮಟಮಟ ಮಧ್ಯಾಹ್ನ ಬಾವಿಕಟ್ಟೆಯ ಮೇಲೆ ಕೂತು ಮಗುವನ್ನು ಹೆಸರು ಹಿಡಿದು ಕೂಗುತ್ತಾಳೆ. ಮಗು ಹತ್ತಿರ ಹೋದಾಗ ತಲೆ ನೇವರಿಸಿ, "ಬಿಸಲಾಗ ಆಡಬ್ಯಾಡ, ಮನಿಗೆ ಹೋಗು" ಅನ್ನುತ್ತಾಳೆ. ಅಷ್ಟೇ.

ನನಗೆ ದೆವ್ವದ ಭಯ ಹುಟ್ಟಲೇ ಇಲ್ಲ. ಅವ್ವ ಹೋದ ಮೇಲೆ ಎಷ್ಟೋ ತಿಂಗಳು ಶಾಲೆಯಿಂದ ಬಂದವಳೇ ಬಾವಿಯಿಲ್ಲದ ನಮ್ಮ ಚಾಳಿನ ಅಂಗಳದ ನೀರಿನ ಟಾಕಿಯ ಹತ್ತಿರ ನಿಂತುಕೊಳ್ಳುತ್ತಿದ್ದೆ. ಯಾರೂ ಕೂಗಲಿಲ್ಲ.

ಆದರೂ ಅವ್ವನ ಒಂದು ಮಾತು ನನ್ನ ಹತ್ತಿರ ಇತ್ತು. ಅವಳು ತೀರಿಕೊಂಡ ಬೆಳಿಗ್ಗೆ ಅಪ್ಪ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಹೇಳಿದ್ದ: "ಹೋಗೂಮುಂದ ಕಣ್ಣು ತಗದ್ಲು. ಮಂಜರಿ ಊಟಾ ಮಾಡ್ಯಾಳೇನು ಅಂದ್ಲು. ಹೂಂ ಅಂದೆ." ಇಪ್ಪತ್ತೆಂಟು ವರ್ಷ ನಾನು ಆ ಮಾತನ್ನು ಆತುಕೊಂಡು ಬದುಕಿದ್ದೇನೆ.

ಕಳೆದ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ತಿಳಿವಳಿಕೆ ಪೂರ್ತಿ ಇದೆ. ಹೌದು ಎನ್ನಲು ಒಂದು ಸಲ ಕಣ್ಣು ಮುಚ್ಚುತ್ತಾನೆ, ಇಲ್ಲ ಎನ್ನಲು ಎರಡು ಸಲ. ಪುಸ್ತಕ ಹಿಡಿದರೆ ಸಾಲುಗಳು ಅವನ ಕಣ್ಣಿಗೆ ನಿಲ್ಲುವುದಿಲ್ಲ. ಇನ್ನು ನಾನು ಓದಿ ಹೇಳಬೇಕು ಎಂದು ಸಂಘದ ರವಿವಾರದ ಕನ್ನಡ ವರ್ಗಕ್ಕೆ ಸೇರಿದೆ.

ಕಲಿಸುತ್ತಿದ್ದವರು ಈರಬಸಪ್ಪನವರು, ಬಾರಾಮತಿಯ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನನ್ನ ಪಾಟಿ ನೋಡಿ, "ಒತ್ತಕ್ಷರಾ ಎಲ್ಲಾ ಮರಾಠಿಯಂಗ ಬಾಜೂಕ ಕೂಡಸ್ತೀರಲ್ರಿ ತಾಯಿ. ಅವು ಕೆಳಗ ಜೋತು ಬೀಳಬೇಕು, ಪಿಎಂಟಿ ಬಸ್ಸಿನ ಬಾಗಲದಾಗ ಜೋತು ಬಿದ್ದವರಂಗ" ಎನ್ನುತ್ತಿದ್ದರು.

ಏಳು ತಿಂಗಳಾದ ಮೇಲೆ ಸಂಘದ ಹಳೆಯ ಕಪಾಟಿನಲ್ಲಿ ಆ ಎರಡೂ ಪುಸ್ತಕ ಸಿಕ್ಕವು. ಹಿಂಬದಿಗೆ ಅಂಟಿಸಿದ ಚೀಟಿಯಲ್ಲಿ ಅಪ್ಪನ ಸಹಿ ಇತ್ತು. ಅಪ್ಪನಿಗೆ ಓದುವ ಮೊದಲು ನಾನೊಮ್ಮೆ ತಡವರಿಸದೆ ಓದುವಂತಾಗಬೇಕೆಂದು ಒಂದೊಂದಕ್ಕೂ ಹದಿನೈದು ದಿನ ಕೂತೆ.

ಪುಸ್ತಕದಲ್ಲಿ ಕೊಲೆಗಾರ ಡಾಕ್ಟರು. ಪುಸ್ತಕದ ತಾಯಿ ತಲೆ ನೇವರಿಸುವುದಿಲ್ಲ, ಮಗುವಿನ ಕೈ ಹಿಡಿದು ಬಾವಿಗೆ ಎಳೆದುಕೊಳ್ಳುತ್ತಾಳೆ.

ನಾನೇ ತಪ್ಪಾಗಿ ಓದಿದೆನೇನೋ ಎಂದುಕೊಂಡೆ. ಈರಬಸಪ್ಪನವರನ್ನು ಕೇಳಿದೆ, "ಇದು ಬ್ಯಾರೆ ಮುದ್ರಣ ಇರಬಹುದೇನ್ರಿ?"

"ಎರಡನೇ ಮುದ್ರಣಕ್ಕ ಕೊಲೆಗಾರ ಬದಲಾಗ್ತಾನೇನ್ರಿ?" ಎಂದು ಅವರು ನಕ್ಕರು. ನಾನೂ ನಕ್ಕೆ.

ಬಸ್ಸಿನಲ್ಲಿ ಬರುವಾಗ ನಗು ನಿಂತಿತು. ಹೆಂಡತಿಯನ್ನು ಡಾಕ್ಟರ ಕೈಗೆ ಒಪ್ಪಿಸಿ ಬಂದ ಮನುಷ್ಯ ಆ ಪುಟ ಓದುವುದಾದರೂ ಹೇಗೆ? ಎದುರಿಗೆ ಕಣ್ಣರಳಿಸಿ ಕೂತ ಹುಡುಗಿಗೆ ಆ ಬಾವಿಯನ್ನು ಓದುವುದು ಹೇಗೆ? ಅದೆಲ್ಲ ಅರ್ಥವಾಯಿತು. ಆಮೇಲೆ ಇನ್ನೊಂದು ಯೋಚನೆ ಬಂತು, ಅದು ಹೋಗಲಿಲ್ಲ. ಆ ತಿಂಗಳು ಅಪ್ಪ ನನಗೆ ಹೇಳಿದ ಕೊನೆಗಳು ಎರಡಲ್ಲ, ಮೂರು.

ಮುಂದಿನ ಶನಿವಾರ ಮಧ್ಯಾಹ್ನ ದೆವ್ವದ ಪುಸ್ತಕ ಹಿಡಿದು ಅಪ್ಪನ ಮಂಚದ ಹತ್ತಿರ ಕೂತೆ. ಅಪ್ಪನನ್ನು ನೋಡಿಕೊಳ್ಳುವ ಅನುಸೂಯಾ ಕುಕ್ಕರ್ ಇಡಲು ಎದ್ದಳು. "ನೀವು ಓದ್ರಿ ಅಕ್ಕಾ. ನೀವು ಒಂದು ಸಾಲು ಮುಗಸೂದ್ರಾಗ ನಂದು ಮೂರು ಸೀಟಿ ಆಗ್ತಾವು."

ಕೊನೆಯ ಅಧ್ಯಾಯ. ಬಾವಿಕಟ್ಟೆ ಬಂತು, ಬಿಸಿಲು ಬಂತು, ತಾಯಿ ಕೂಗಿದಳು, ಮಗು ಹತ್ತಿರ ಹೋಯಿತು. ನಾನು ಕಣ್ಣು ಎತ್ತಿ, ಪುಟ ನೋಡದೆ ಹೇಳಿದೆ: "ಬಿಸಲಾಗ ಆಡಬ್ಯಾಡ, ಮನಿಗೆ ಹೋಗು."

ಅಪ್ಪನ ಎಡಗೈ ಬಂದು ಪುಟದ ಮೇಲೆ ಕೂತಿತು. ಒತ್ತಿತು.

"ಇದರಾಗ ಇದ್ದದ್ದನ್ನ ಓದ್ಲೇನು?"

ಒಂದು ಸಲ ಕಣ್ಣು ಮುಚ್ಚಿದ.

ಓದಿದೆ. ಮಗು ಬಾವಿಗೆ ಹೋಯಿತು, ನೀರು ಮತ್ತೆ ಸುಮ್ಮನಾಯಿತು. ಅಪ್ಪ ಕಿಟಕಿಯ ಕಡೆ ನೋಡುತ್ತ ಕೇಳಿಸಿಕೊಂಡ. ಇಷ್ಟು ವರ್ಷ ಅವನು ಒಬ್ಬನೇ ಇಟ್ಟುಕೊಂಡಿದ್ದ ಪುಟ ಅದು.

ಪುಸ್ತಕ ಮುಚ್ಚಿದೆ. ಕೇಳಬಾರದು ಎಂದುಕೊಂಡೇ ಕೇಳಿದೆ.

"ಅಪ್ಪಾ, ಅವ್ವ ಖರೇನೇ ಹಂಗ ಅಂದಿದ್ಲೇನು? ನಾ ಊಟಾ ಮಾಡೇನೋ ಇಲ್ಲೋ ಅಂತ?"

ಕುಕ್ಕರಿನ ಸೀಟಿ ಆಯಿತು. ಅಪ್ಪ ನನ್ನನ್ನೇ ನೋಡುತ್ತಿದ್ದ. ಒಂದೇ ಒಂದು ಸಲ ಕಣ್ಣು ಮುಚ್ಚಿದ್ದರೆ ನಾನು ನಂಬುತ್ತಿದ್ದೆ. ಅವನಿಗೂ ಅದು ಗೊತ್ತಿತ್ತು.

ಕಣ್ಣು ಮುಚ್ಚಿದ. ತೆರೆದ. ಮತ್ತೊಮ್ಮೆ ಮುಚ್ಚಿದ.

"ಹೋಗೂಮುಂದ ಕಣ್ಣರೆ ತಗದಿದ್ಲೇನು?"

ಎರಡು ಸಲ.

ಹೊರಗೆ ಯಾರೋ ಸ್ಕೂಟರ್ ಚಾಲೂ ಮಾಡಲು ಒದೆಯುತ್ತಿದ್ದರು, ಅದು ಚಾಲೂ ಆಗುತ್ತಿರಲಿಲ್ಲ.

ಅನುಸೂಯಾ ಅನ್ನ ಸಾರು ಕಲಸಿ ಬಟ್ಟಲು ತಂದಳು. ನಾನು ಇಸಿದುಕೊಂಡು ಚಮಚ ಅಪ್ಪನ ಬಾಯಿಯ ಹತ್ತಿರ ಒಯ್ದೆ. ಬಾಯಿ ತೆರೆಯಲಿಲ್ಲ. ಎಡಗೈ ಎತ್ತಿ ಚಮಚವನ್ನು ಮೆಲ್ಲಗೆ ನನ್ನ ಕಡೆ ತಳ್ಳಿದ.

"ಬ್ಯಾಡಂತಾನ" ಎಂದೆ.

"ಬ್ಯಾಡಂತಲ್ರಿ ಅಕ್ಕಾ," ಅನುಸೂಯಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೇಳಿದಳು. "ಕಾಕಾಂದು ದಿನಾ ಇದ ಐತಿ. ನೀವು ಆಫೀಸಿಗೆ ಹೋದಾಗ ನಿಮ್ಮ ಫೋಟೋದ ಕಡೆ ಕೈ ಮಾಡ್ತಾರ. 'ಡಬ್ಬಿ ಒಯ್ದಾರ್ರಿ, ಉಂಡಿರ್ತಾರ' ಅಂತ ನಾ ಅನ್ನೂತನಕಾ ಬಾಯಿ ತಗ್ಯಾಂಗಿಲ್ಲ. ನಿಮಗ ಹೇಳಿಲ್ಲೇನು ನಾ?"

ಹೇಳಿರಲಿಲ್ಲ.

ಬೆಳಿಗ್ಗೆಯಿಂದ ನಾನು ಒಂದು ಕಪ್ ಚಹಾ ಬಿಟ್ಟು ಏನೂ ತೆಗೆದುಕೊಂಡಿರಲಿಲ್ಲ. ಅಪ್ಪನ ಕೈ ಇನ್ನೂ ಚಮಚದ ಮೇಲೆಯೇ ಇತ್ತು.

"ಹೂಂ ಅಪ್ಪಾ," ಎಂದೆ. "ನಂದು ಊಟಾ ಆತು."

ಅಪ್ಪ ಬಾಯಿ ತೆರೆದ.