ಮದುವಿ ಅಲ್ರಿ, ಉಡಿಕಿ

ತಟ್ಟೆಯಲ್ಲಿದ್ದ ಸಕ್ಕರೆಯನ್ನು ಹನುಮಂತ್ರಾಯ ಮುಟ್ಟಲಿಲ್ಲ. ಅದು ಅವನ ಬಾಯಿಗೆ ಬಿದ್ದರೆ ಅಯ್ಯಮ್ಮ ಅವನ ಮನೆಯ ಸೊಸೆ. ಇಲ್ಲದಿದ್ದರೆ ಬೀಗರು ಸುಮ್ಮನೆ ಎದ್ದು ತಮ್ಮೂರು ಕವಿತಾಳದ ಬಸ್ಸು ಹತ್ತುತ್ತಾರೆ. ಹುಡುಗಿಯ ತಾಯಿ ಆದೆಮ್ಮ ಬಾಗಿಲ ಬಳಿ ಸೆರಗು ಬಿಗಿಹಿಡಿದು ನಿಂತಿದ್ದಳು.

"ಹುಡುಗಿ ಅಪ್ಪ ಎಲ್ಲಿ?"

"ಮಾನ್ವಿ ಕಡಿ ಗದ್ದ್ಯಾಗ ಕುರಿ ನಿಲ್ಲಿಸ್ಯಾನ್ರಿ. ಹೇಳಿ ಕಳಿಸೀನಿ, ಬರ್ತಾನ."

"ಮೊನ್ನಿ ರಾಯಚೂರಾಗ ಮೀಟಿಂಗಿತ್ತು," ಎಂದ ಹನುಮಂತ್ರಾಯ. "ಎಂಬತ್ತೊಂದರ ಜನಗಣತಿ ಲೆಕ್ಕ ಅಂತ ಸಾಹೇಬ ಓದಿದ. ಈ ಮಸರಕಲ್ ಕಡಿ ಊರಾಗ ಭಾಳ ಮಂದಿ ತಾಯಂದಿರಿಗೆ ಮದುವಿನೇ ಆಗಿಲ್ಲಂತ, ಮಕ್ಕಳಿಗೆ ಅಪ್ಪ ಇಲ್ಲಂತ. ಜನ ನಕ್ಕರು. ಇಲ್ಲಿಗೇ ಹೆಣ್ಣು ಕೇಳಾಕ ಹೊಂಟಾವ ನಾ, ತಲಿ ತಗ್ಗಿಸಿ ಕುಂತೆ."

ಆದೆಮ್ಮನಿಗೆ ಆಗ ಜನ ಎಣಿಸಲು ಬಂದಿದ್ದ ಮೈಸೂರು ಕಡೆಯ ಮಾಸ್ತರ ನೆನಪಾದ. ಅವಳ ಬಾಯಲ್ಲಿ ಮದುವೆ ಎಂದರೆ ಒಂದೇ ಸಲ, ಕನ್ಯೆಗೆ ಆಗುವುದು. ಗಂಡ ಸತ್ತವಳಿಗೆ ಹಿರಿಯರು ಸೀರೆ ಉಡಿಸಿ ಇನ್ನೊಬ್ಬನ ಜೊತೆ ಕೂಡಿಸಿದರೆ ಅದು ಉಡಿಕಿ. ಸಂಸಾರ ಅದೇ, ಹೆಸರು ಬೇರೆ.

ಎದುರಿಗೆ ಕೂತ ಹನುಮಂತ್ರಾಯನ ಹೆಂಡತಿ ಬೂದೆಮ್ಮನೂ ಉಡಿಕಿಯವಳೇ. ಅದು ಆದೆಮ್ಮನಿಗೆ ಗೊತ್ತಿತ್ತು. ಆದರೆ ಹತ್ತು ಜನರ ಮುಂದೆ ಆ ಮಾತು ಎತ್ತಿದರೆ ಸಂಬಂಧ ಅಲ್ಲಿಗೇ ಮುರಿದಂತೆ. ಅವಳು ತನ್ನದಷ್ಟನ್ನೇ ಹೇಳಿದಳು.

"ಮದುವಿ ಆಗೇದೇನಂತ ಮಾಸ್ತರ ಕೇಳಿದ್ರಿ. ಇಲ್ರಿ, ಉಡಿಕಿ ಅಂದೆ. ಮದುವಿ ಇಲ್ಲಂತ ಬರಕೊಂಡ. ಗಂಡ ಮನ್ಯಾಗ ಅದಾನೇನಂದ. ಇಲ್ಲ ಅಂದೆ. ಕುರಿ ಹಿಂದ ಹೋದಾವ ಮನ್ಯಾಗ ಹ್ಯಾಂಗ ಇರ್ತಾನ್ರಿ?"

ಬೂದೆಮ್ಮ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಗಂಡನ ಕಡೆ ತಿರುಗಿದಳು.

"ನಮ್ಮ ಮನಿಗೂ ಬಂದಿದ್ನಲ್ಲ ಎಣಸಾವ. ನನ್ನ ಏನಂತ ಬರಸಿದಿ?"

ಹನುಮಂತ್ರಾಯ ಗೋಡೆ ನೋಡಿದ. "ಇದ್ದದ್ದೇ ಹೇಳೀನಿ. ಉಡಿಕಿ ಅಂತ."

"ಹಂಗಾದ್ರ ನಾನೂ ಮದುವಿ ಇಲ್ದಾಕಿ ಆದೆ. ಕವಿತಾಳದ್ದು ಏನು ಓದಿದ ನಿನ್ನ ಸಾಹೇಬ?"

"ಅದನ್ನ ಓದಾಗ ನಾ ಬೀಡಿ ಸೇದಾಕ ಹೊರಗ ಹೋಗಿದ್ದೆ."

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆದೆಮ್ಮ ನಗಲಿಲ್ಲ, ಅವಳ ಕಣ್ಣು ತಟ್ಟೆಯ ಮೇಲೇ ಇತ್ತು.

ಬೂದೆಮ್ಮ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತಟ್ಟೆಯನ್ನು ಗಂಡನತ್ತ ಸರಿಸಿದಳು. "ತಗೊ. ಇರುವಿ ಮುತ್ತಾಕತ್ಯಾವ."

ಅವನ ಕೈ ಕೊಂಚ ಹೊತ್ತು ತೊಡೆಯ ಮೇಲೇ ಇತ್ತು. ಆಮೇಲೆ ಸಕ್ಕರೆಗೆ ಹೋಯಿತು.

ಆದೆಮ್ಮನ ಮುಷ್ಟಿಯಿಂದ ಸೆರಗು ಸಡಿಲಾಯಿತು. "ಆಕಿ ಅಪ್ಪ ಬರೋತನಕ ಬಸ್ಸು ಹತ್ತಬ್ಯಾಡ್ರಿ," ಎಂದಳು. "ಅಪ್ಪ ಅದಾನಂತ ಕಣ್ಣಾರೆ ನೋಡ್ಕೊಂಡೇ ಹೋಗ್ರಿ."