ಸೂಜಿ ಚುಚ್ಚುವವರು ಯಾರು, ಮೊದಲು ಕೇಳಿ

ತಿಂಗಳ ಮುಟ್ಟಿನ ದಿನ ಹತ್ತಿರ ಬಂತು ಅಂದರೆ ಉಳವಿಯ ಮಧುಶ್ರೀಗೆ ಹೆದರಿಕೆ ಶುರುವಾಗುತ್ತಿತ್ತು. ಕಿಬ್ಬೊಟ್ಟೆ ಹಿಂಡುವ ನೋವು, ವಾಂತಿ. ಒಂದು ಸಲ ಸೊರಬದ ಕಾಲೇಜಿಗೆ ಹೋಗುವಾಗ ಬಸ್ಸಿನಲ್ಲೇ ಕಣ್ಣು ಕತ್ತಲೆ ಬಂದು ಬಿದ್ದಳು.

"ಹೆಣ್ಣಿಗೆ ಇದೆಲ್ಲ ಇದ್ದದ್ದೇ" ಅನ್ನುತ್ತಿದ್ದ ತಾಯಿ ವರದಮ್ಮನಿಗೂ ಅವತ್ತಿನಿಂದ ಭಯ ಹೊಕ್ಕಿತು. ವರದಮ್ಮನ ತಂಗಿ ಚಿಕ್ಕ ವಯಸ್ಸಿಗೇ ಹೊಟ್ಟೆನೋವು ಅಂತ ಮಲಗಿದವಳು ಮತ್ತೆ ಏಳಲಿಲ್ಲ. ಏನು ಕಾಯಿಲೆ ಅಂತ ಯಾರೂ ತೋರಿಸಿರಲೇ ಇಲ್ಲ.

ಸೊರಬದ ಸಂತೆಗೆ ಬರುವ ಒಬ್ಬ ಸೂಜಿ ಚುಚ್ಚಿ ನೋವು ತೆಗೆಯುತ್ತಾನೆ ಅಂತ ಯಾರೋ ಹೇಳಿದರು. ವರದಮ್ಮ ಮಗಳನ್ನು ಕರೆದುಕೊಂಡು ಹೋದಳು. ಆತ ತಗಡಿನ ಡಬ್ಬಿಯಿಂದ ಒಂದು ಸೂಜಿ ತೆಗೆದು ಪಂಚೆಯ ತುದಿಗೆ ಒರೆಸಿದ.

"ಮಲಗಮ್ಮ, ಹೊಟ್ಟೆಗೆ ಚುಚ್ಚಬೇಕು."

ಮಧುಶ್ರೀ ತಾಯಿಯ ಸೆರಗು ಹಿಡಿದಳು. "ಅವ್ವಾ, ಬ್ಯಾಡ. ಸೂಜಿಗೆ ರಕ್ತ ಅಂಟೈತೆ ನೋಡು."

ವರದಮ್ಮ ನೋಡಿದಳು. ಯಾರದೋ ಒಣಗಿದ ರಕ್ತ. ಮಗಳ ರಟ್ಟೆ ಹಿಡಿದು ಎಳೆದುಕೊಂಡು ಬಂದವಳು ಬಸ್ ಸ್ಟ್ಯಾಂಡ್ ಬರೋವರೆಗೂ ನಿಲ್ಲಲಿಲ್ಲ.

ಮನೆಗೆ ಬಂದವಳು ಒಳಗೂ ಹೋಗದೆ ಜಗಲಿ ಮೇಲೇ ಕೂತಳು. ಪಕ್ಕದ ಮನೆಯ ನೀಲಾಂಬಿಕ ಕೇಳಿದಾಗ ಎಲ್ಲ ಹೇಳಿದಳು.

"ಹೆದರಿ ಓಡಿ ಬಂದಿದ್ದೇ ಒಳ್ಳೇದಾಯ್ತು ಅಕ್ಕ" ಅಂದಳು ನೀಲಾಂಬಿಕ. "ಆದ್ರೆ ಸೂಜಿ ಚಿಕಿತ್ಸೆ ಅನ್ನೋದು ಬೇರೇನೇ ಐತೆ. ನನಗೂ ಮದುವೆಗೆ ಮುಂಚೆ ಇಂಥದ್ದೇ ನೋವಿತ್ತು. ಶಿಕಾರಿಪುರದಲ್ಲಿ ಅದನ್ನ ಓದಿ ಕಲಿತ ಡಾಕ್ಟರ್ ಹತ್ರ ಅಕ್ಯುಪಂಕ್ಚರ್ ಮಾಡಿಸ್ಕೊಂಡಿದ್ದೆ, ನೋವು ಎಷ್ಟೋ ಇಳೀತು."

"ಇನ್ನು ಸೂಜಿ ಹೆಸರು ಎತ್ತಬೇಡ ಮಾರಾಯ್ತಿ! ನಾಳೆ ಇವಳಿಗೆ ಮಕ್ಕಳಾಗದೆ ಹೋದ್ರೆ ಯಾರು ಹೊಣೆ?"

"ಅದಕ್ಕೇ ಮೊದಲು ಆಸ್ಪತ್ರೆಗೆ ಹೋಗೋಣ. ನೋವು ಯಾಕೆ ಬರ್ತದೆ ಅಂತ ತಿಳೀದೆ ಯಾವ ಚಿಕಿತ್ಸೆನೂ ಬ್ಯಾಡ."

ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಆಗುವಾಗ ವರದಮ್ಮ ಹೊರಗೆ ಕೂತಿದ್ದಳು. ತಂಗಿಯ ಮುಖವೇ ಕಣ್ಣ ಮುಂದೆ ಬರುತ್ತಿತ್ತು. ಬಾಗಿಲು ತೆರೆದ ಕೂಡಲೇ ಎದ್ದು ಹೋದಳು.

"ಗಡ್ಡೆ ಏನೂ ಇಲ್ಲಮ್ಮ" ಅಂದರು ಡಾಕ್ಟರಮ್ಮ. "ಮುಟ್ಟಿನಲ್ಲಿ ಗರ್ಭಕೋಶ ಹಿಂಡಿಕೊಳ್ಳುವಾಗ ಬರೋ ನೋವು. ಮಾತ್ರೆ ಕೊಡ್ತೀನಿ."

ನೀಲಾಂಬಿಕ ಅಕ್ಯುಪಂಕ್ಚರ್ ಮಾತು ತೆಗೆದಳು.

"ಕಲಿತವರ ಹತ್ರ ಮಾಡಿಸಬಹುದು" ಅಂದರು ಡಾಕ್ಟರಮ್ಮ. "ಕೆಲವರಿಗೆ ನೋವು ಇಳೀತದೆ, ಎಲ್ಲರಿಗೂ ಅಂತ ಹೇಳಕ್ಕಾಗಲ್ಲ. ಅದನ್ನ ನಂಬಿ ಮಾತ್ರೆ ಬಿಡಬೇಡಿ."

ಡಾಕ್ಟರಮ್ಮನೇ ಹೀಗೆ ಹೇಳಿದ ಮೇಲೆ ವರದಮ್ಮ ಒಪ್ಪಿದಳು. ಶಿಕಾರಿಪುರದ ಡಾಕ್ಟರ್ ಕೈ ತೊಳೆದು, ತಾಯಿ ಮಗಳ ಎದುರಿಗೇ ಹೊಸ ಪ್ಯಾಕೆಟ್ ಹರಿದರು. ಒಳಗಿದ್ದದ್ದು ಕೂದಲಿನಷ್ಟು ತೆಳ್ಳಗಿನ ಸೂಜಿ. ಆದರೂ ಮಧುಶ್ರೀ ಹಲ್ಲು ಕಚ್ಚಿ ಕಣ್ಣು ಮುಚ್ಚಿದಳು. ವರದಮ್ಮ ಗೋಡೆ ಕಡೆ ತಿರುಗಿ ನಿಂತಳು.

"ಯಾವಾಗ ಚುಚ್ಚೋದು ಮೇಡಂ?" ಮಧುಶ್ರೀ ಕೇಳಿದಳು.

"ಆಗಲೇ ಚುಚ್ಚಿ ಆಯ್ತಲ್ಲ!"

ಹೊರಡುವಾಗ ಡಾಕ್ಟರ್ ಮನೆಯಲ್ಲಿ ಮಾಡಿಕೊಳ್ಳುವ ಒಂದು ಉಪಾಯವನ್ನೂ ಕಲಿಸಿದರು. ಪಾದದ ಗಂಟಿನಲ್ಲಿ ಒಳಮಗ್ಗುಲಿಗೆ ಉಬ್ಬಿದ ಹರಡಿನಿಂದ ನಾಲ್ಕು ಬೆರಳು ಮೇಲೆ, ಮೂಳೆಯ ಹಿಂದೆ, ಹೆಬ್ಬೆರಳಲ್ಲಿ ಮೆತ್ತಗೆ ಒತ್ತಬೇಕು. "ಇದಕ್ಕೆ ಸೂಜಿ ಬೇಕಿಲ್ಲ. ಬಸುರಿಯರು ಮಾತ್ರ ಒತ್ತಬಾರದು."

ಮುಂದಿನ ತಿಂಗಳೂ ಮಧುಶ್ರೀ ಹೆದರಿಕೊಂಡೇ ಇದ್ದಳು. ನೋವು ಬಂತು. ಆದರೆ ವಾಂತಿ ಆಗಲಿಲ್ಲ. ಮಾತ್ರೆ ನುಂಗಿ, ಬಿಸಿನೀರಿನ ಶಾಖ ತಗೊಂಡು, ಎದ್ದು ಕೂತು ಊಟ ಮಾಡಿದಳು. ಚಿಕಿತ್ಸೆ ಮುಂದುವರಿಸಿದ ಮೇಲೆ ಮುಟ್ಟಿನ ದಿನವೂ ಬಸ್ಸು ಹತ್ತಿದಳು. ವರದಮ್ಮ ರಸ್ತೆಗೆ ಬಂದು, ಬಸ್ಸು ಮರೆಯಾಗೋವರೆಗೂ ನೋಡುತ್ತಾ ನಿಂತಳು.

ಅಕ್ಕಂದಿರೇ, ಅವ್ವಂದಿರೇ, ನಿಮ್ಮ ಮಗಳು ಮುಟ್ಟಿನ ನೋವಿಗೆ ಮುದುಡಿ ಮಲಗುತ್ತಾಳಾ? "ಇದ್ದದ್ದೇ" ಅಂತ ಸುಮ್ಮನಿರಬೇಡಿ, ಮೊದಲು ಡಾಕ್ಟರಿಗೆ ತೋರಿಸಿ. ಅಕ್ಯುಪಂಕ್ಚರ್ ಮಾಡಿಸೋದಾದರೆ ಎಲ್ಲಿ ಕಲಿತಿದ್ದೀರಿ ಅಂತ ಕೇಳಿ. ಹೊಸ ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಲಿ. ಕೇಳೋದಕ್ಕೆ ನಾಚಿಕೆ ಬೇಡ. ಮೈ ನಿಮ್ಮ ಮಗಳದು.